ಆರಂಭವಷ್ಟೇ ಇದ್ದ ಸಿನಿಮಾ

ತಾವು ತೆಗೆದ ಸಿನಿಮಾದ ಬಗ್ಗೆ ಮಂದಿ ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೂ ಒಂದು ಕಾಲಕ್ಕೆ ಸಿನಿಮಾ ತೆಗೆದವನೇ. ಪೂರ್ತಿ ಸಿನಿಮಾ ಅಲ್ಲ, ಅದರ ಆರಂಭ ಮಾತ್ರ. ಐದು ನಿಮಿಷಕ್ಕೂ ತುಸು ಕಡಿಮೆ. ಅಷ್ಟರಲ್ಲೇ ನನ್ನ ಅಕ್ಕ ತನ್ನ ಮಗಳನ್ನು ಕಳೆದುಕೊಂಡಳು. ಮಗು ಸಾಯಲಿಲ್ಲ, ಬಬಲೇಶ್ವರದಲ್ಲಿ ಅಜ್ಜ-ಅಜ್ಜಿಯ ಹತ್ತಿರ ಚೆನ್ನಾಗಿಯೇ ಬೆಳೆಯಿತು. ಆದರೆ ಅಕ್ಕನ ಮಗಳಾಗಿ ಬೆಳೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಯವರೆಗೂ ಮುಚ್ಚಿಟ್ಟುಕೊಂಡು ಓದಿಸುವ ಹಿಕಮತ್ತು ನನಗೆ ಬೇಡ.

ಇದು ಅರವತ್ತರ ದಶಕದ ನಡುವಿನ ಮಾತು. ಈಗಿನ ವಿಜಯಪುರಕ್ಕೆ ಆಗ ನಾವೆಲ್ಲ ಬಿಜಾಪುರ ಎನ್ನುತ್ತಿದ್ದೆವು. ನಾನು ಅಲ್ಲಿ ಬಿ.ಎ. ಓದುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೆಯ ವರ್ಷ ಅವಳ ಗಂಡ ವಿಷಮಜ್ವರ ಬಂದು ಹದಿನೆಂಟು ದಿನ ಮಲಗಿ ತೀರಿಕೊಂಡ. ಆಗ ಅಕ್ಕನ ಮಗಳಿಗೆ ಎರಡು ವರ್ಷ. ಅಕ್ಕ ಏಳನೇ ಇಯತ್ತೆ ಮುಗಿಸಿದ್ದಳು, ಅಕ್ಷರ ದುಂಡಗೆ ಬರೆಯುತ್ತಿದ್ದಳು. ಅವಳು ಶಿಕ್ಷಕಿಯರ ತರಬೇತಿಗೆ ಸೇರುವೆನೆಂದಾಗ ಅವಳ ಮಾವ ಬೇಡವೆನ್ನಲಿಲ್ಲ. ‘ಕೂಸು ನಮ್ಮ ಹಂತ್ಯಾಕ ಇರಲಿ. ನೌಕರಿ ಸಿಕ್ಕ ಮ್ಯಾಲ ಕರಕೊಂಡು ಹೋಗುವಂತಿ’ ಎಂದು ನಮ್ಮ ಅಪ್ಪನ ಎದುರಿಗೇ ಮಾತು ಕೊಟ್ಟರು. ಆ ಮನುಷ್ಯ ಕೆಟ್ಟವರಲ್ಲ. ಮುಂದೆ ಬರೆಯುವುದನ್ನು ಓದಿ ಅವರನ್ನು ಬಯ್ಯುವವರಿದ್ದರೆ ದಯವಿಟ್ಟು ನನ್ನನ್ನು ಬಯ್ಯಿರಿ.

ಹೀಗಾಗಿ ಅಕ್ಕ ತವರಿಗೆ ಬಂದು ತರಬೇತಿ ಶಾಲೆಗೆ ಹೋಗತೊಡಗಿದಳು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗಿನ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ, ಮಗಳ ತಲೆಗೆ ಎಣ್ಣೆ ಹಚ್ಚಿ ಎರೆದು, ಹೆಣಲು ಹಾಕಿ, ಸಂಜೆ ಬಸ್ಸಿಗೆ ಮರಳುತ್ತಿದ್ದಳು. ಮರಳಿದ ದಿನ ಅವಳು ಊಟ ಮಾಡಿದ್ದನ್ನು ನಾನು ನೋಡಿಲ್ಲ.

ಅವಳ ಗಂಡನ ಮನೆತನದಲ್ಲಿ ಉಡಿಕೆ ನಡೆಯುತ್ತಿತ್ತು. ಗಂಡ ಸತ್ತವಳು ಮನಸ್ಸಿದ್ದರೆ ಮತ್ತೊಬ್ಬನ ಕೂಡ ಬಾಳಬಹುದು. ಅದಕ್ಕೆ ಹಂದರ ಬೇಡ, ಅಕ್ಷತೆ ಬೇಡ. ಹೊಸ ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹಣೆಗೆ ಕುಂಕುಮ ಹಚ್ಚಿದರೆ ಮುಗಿಯಿತು. ಆದರೆ ಉಡಿಕೆಯಾಗಿ ಹೋಗುವವಳು ಮೊದಲ ಗಂಡನ ಮಕ್ಕಳನ್ನು ಅವನ ಮನೆಯಲ್ಲೇ ಬಿಟ್ಟು ಹೋಗಬೇಕು. ಇದರ ಬಗ್ಗೆ ಯಾರೂ ಜಗಳ ಆಡುತ್ತಿರಲಿಲ್ಲ, ಅದು ಹಿಂದಿನಿಂದ ನಡೆದು ಬಂದದ್ದು. ನನಗಿದು ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಸಿನಿಮಾದ ಹುಚ್ಚು ಹತ್ತಿಸಿದವನು ನನ್ನ ಒಬ್ಬ ಸಹಪಾಠಿ. ಅವನ ಅಪ್ಪನದು ಫೋಟೋ ಸ್ಟುಡಿಯೋ. ಆ ಅಪ್ಪ ಮುಂಬೈಗೆ ಹೋದಾಗ ಯಾರದೋ ಮಾತು ಕೇಳಿ, ಶ್ರೀಮಂತರ ಮದುವೆ ತೆಗೆಯಲೆಂದು ಬಳಸಿದ ಸಿನಿಮಾ ಕ್ಯಾಮೆರಾ ಒಂದನ್ನು ತಂದಿದ್ದರು. ಗಡಿಯಾರದ ಹಾಗೆ ಕೀಲಿ ಕೊಟ್ಟು ನಡೆಸುವ ಯಂತ್ರ. ನಮ್ಮೂರಿನ ಶ್ರೀಮಂತರಿಗೆ ಅಂಥ ಹುಕಿ ಇರಲಿಲ್ಲ. ಕ್ಯಾಮೆರಾ ಕಪಾಟಿನಲ್ಲಿ ಎರಡು ವರ್ಷ ಬಿದ್ದಿತ್ತು. ಅದರ ಜೊತೆಗೆ ಎರಡು ರೋಲು ಫಿಲ್ಮೂ ಇದ್ದವು, ಒಂದೊಂದು ಮೂರು ನಿಮಿಷಕ್ಕಿಂತ ಕಡಿಮೆ ಓಡುವಂಥವು.

‘ಎರಡು ರೋಲಿನ್ಯಾಗ ಏನ್ ಮಾಡಾಕ ಬರ್ತದಲೇ?’ ಎಂದು ನಾನು ಕೇಳಿದೆ.

‘ಆರಂಭ ಮಾಡಾಕ ಬರ್ತದ. ಆರಂಭ ನೋಡಿ ಯಾರರೆ ದೊಡ್ಡವರು ಕೈ ಹಿಡದ್ರ ಮುಂದಿಂದು ತಗ್ಯೋದು’ ಎಂದ.

ಮಾತು ಎಷ್ಟು ಸರಳವಾಗಿತ್ತೆಂದರೆ ಅದರಲ್ಲಿ ತಪ್ಪು ಹುಡುಕುವ ಬುದ್ಧಿ ನನಗೆ ಬರಲಿಲ್ಲ. ಹೊನವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಇನ್ನೊಬ್ಬ ಗೆಳೆಯ ನಮ್ಮ ಜೊತೆ ಸೇರಿದ. ಎತ್ತರದ ಆಳು, ರುಮಾಲು ಸುತ್ತಿದರೆ ಮದುಮಗನಂತೆಯೇ ಕಾಣುತ್ತಿದ್ದ. ಕ್ಯಾಮೆರಾ ಸ್ಟುಡಿಯೋದವನದು, ಪಾತ್ರ ಹೊನವಾಡದವನದು, ಕಥೆಯೂ ನಿರ್ದೇಶನವೂ ನನ್ನದು. ನಿರ್ದೇಶಕ ಎಂಬ ಶಬ್ದವನ್ನು ಬಾಯಲ್ಲಿಟ್ಟುಕೊಂಡು ನಾನು ಆ ಎರಡು ತಿಂಗಳು ಓಣಿಯಲ್ಲಿ ಎದೆ ಸೆಟೆಸಿ ಓಡಾಡಿದ್ದನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ರಟ್ಟಿನ ಹಾಳೆಯ ಮೇಲೆ ಚೌಕ ಹಾಕಿ ಒಂದೊಂದು ಚಿತ್ರವನ್ನೂ ಬರೆದುಕೊಂಡೆವು. ಮೊದಲು ಭೂತನಾಳ ಕೆರೆಯ ಏರಿಯ ಮೇಲೆ ನಸುಕಿನಲ್ಲಿ ನಡೆಯುವ ಹೆಣ್ಣಿನ ಪಾದ. ಆಮೇಲೆ ಬಳೆಗಾರ ಬಳೆ ಇಡುವ ಕೈ. ಆಮೇಲೆ ಕುಂಕುಮ ಹಚ್ಚಿದ ಮುಖ ಮೇಲೇಳುವುದು. ಆಮೇಲೆ ಇಟ್ಟಂಗಿಹಾಳದ ದಾರಿಯಲ್ಲಿ ಎತ್ತಿನ ಗಾಡಿ ಹೊಸ ಗಂಡ-ಹೆಂಡತಿಯನ್ನು ಹೊತ್ತು ದೂರ ಹೋಗುವುದು. ಕೊನೆಗೆ ಶಾಲೆಯ ಪಾಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಸಿನಿಮಾದ ಹೆಸರು. ಮುಂದಿನ ಕಥೆಯನ್ನು ಮೂವರೂ ಮೂರು ತೆರನಾಗಿ ಹೇಳುತ್ತಿದ್ದೆವು. ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟಿದ್ದೆವು.

ಹೆಣ್ಣಿನ ಪಾತ್ರಕ್ಕೆ ಯಾರು? ಕಾಲೇಜಿನ ನಾಟಕದಲ್ಲಿ ಹುಡುಗರೇ ಸೀರೆ ಉಡುತ್ತಿದ್ದರು. ಸ್ಟುಡಿಯೋದವನು ಅಂಥ ಒಬ್ಬನ ಫೋಟೋ ತೆಗೆದು ತೋರಿಸಿದ. ಪೌಡರಿನ ಕೆಳಗೆ ಮೀಸೆಯ ನೆರಳು ಎದ್ದು ಕಾಣುತ್ತಿತ್ತು. ಕಾಲೇಜಿನ ಹುಡುಗಿಯರನ್ನು ಕೇಳುವ ಮಾತೇ ಇರಲಿಲ್ಲ, ಕೇಳಿದ್ದರೆ ಅವರ ಅಣ್ಣಂದಿರು ನಮ್ಮ ಎಲುಬು ಎಣಿಸುತ್ತಿದ್ದರು. ಆಗ ನಾನು ಅಕ್ಕನನ್ನು ಕೇಳಿದೆ.

‘ತಲಿ ಕೆಟ್ಟದೇನ್ಲೇ ನಿನಗ?’ ಎಂದಳು. ‘ನನ್ನ ಹಣಿ ನೋಡು. ನಾ ಮದಿಮಗಳು ಆಗಲೇನು?’

ನಾನು ಬಿಡಲಿಲ್ಲ. ಎಂಟು ದಿನ ಬೆನ್ನು ಹತ್ತಿದೆ. ಇದು ಬರೀ ಆಟ, ಒಂದು ಬೆಳಗಿನ ಕೆಲಸ, ಅವ್ವನಿಗೂ ಹೇಳುವುದು ಬೇಡ, ಇದರಿಂದ ನನ್ನ ಬಾಳು ನೆಟ್ಟಗಾಗುತ್ತದೆ ಎಂದೆಲ್ಲ ಹೇಳಿದೆ. ತಮ್ಮನ ಬಾಳು ನೆಟ್ಟಗಾಗುತ್ತದೆ ಎಂದರೆ ಅಕ್ಕಂದಿರು ಎಷ್ಟು ದಿನ ತಡೆಯುತ್ತಾರೆ? ಒಂಬತ್ತನೆಯ ದಿನ ಅವಳು ಅಕ್ಕಿ ಆರಿಸುತ್ತ, ಮುಖ ಎತ್ತದೆ ಹೇಳಿದಳು:

‘ಒಂದು ಮಾತು. ಇದು ಬಬಲೇಶ್ವರಕ್ಕ ಹೋಗಬಾರದು. ಎಲ್ಲೆರೆ ತೋರಸ್ರಿ, ಧಾರವಾಡಕ್ಕ ಒಯ್ರಿ, ಮುಂಬಯಿಗೆ ಒಯ್ರಿ. ಅಲ್ಲಿಗೆ ಬ್ಯಾಡ. ನಮ್ಮ ಮಾವಾರು ನೋಡಿದ್ರ ಕೂಸಿನ್ನ ಬಿಡಾಂಗಿಲ್ಲ.’

‘ಹೋಗಾಂಗಿಲ್ಲ.’

‘ಹಂಗಲ್ಲ. ನನ್ನ ಮಗಳ ಆಣಿ ಮಾಡು.’

ಮಾಡಿದೆ. ಎಷ್ಟು ಸಲೀಸಾಗಿ ಮಾಡಿದೆನೆಂದರೆ, ಆಣೆ ಮುಗಿಸಿ ಮರುಕ್ಷಣ ಸ್ಟುಡಿಯೋಕ್ಕೆ ಸೈಕಲ್ ಓಡಿಸಿದೆ.

ಪಾದದ ಚಿತ್ರ ಮತ್ತು ಗಾಡಿಯ ಚಿತ್ರ ಸುಸೂತ್ರವಾಗಿ ಆದವು. ಬಳೆಯದು ಸ್ಟುಡಿಯೋದ ಹಿತ್ತಲಿನಲ್ಲಿ ಆಯಿತು. ಬಳೆಗಾರ ವಯಸ್ಸಾದವರು, ನಮ್ಮ ಓಣಿಯ ಮೂರು ತಲೆಮಾರಿನ ಹೆಣ್ಣುಮಕ್ಕಳ ಕೈ ಹಿಡಿದವರು. ಅಕ್ಕನನ್ನು ಅವರು ಕಂಡಿರಲಿಲ್ಲವೆಂದಲ್ಲ, ಮದುವೆಗೆ ಮುಂಚೆ ಕಂಡಿದ್ದರು. ಈಚೆಗೆ ಅವರು ಓಣಿಗೆ ಬರುವುದು ಬಿಟ್ಟಿದ್ದರು, ಅವಳ ಗಂಡ ಸತ್ತದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದರೆ ಅವರು ಗಂಟು ಕಟ್ಟಿಕೊಂಡು ಎದ್ದು ಹೋಗುವರೆಂದು ನಾನು ಹೇಳಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದವಳನ್ನು ನೋಡಿ ಅವರು ಮತ್ತೇನು ತಿಳಿದಾರು?

‘ಯಾವ ಬಣ್ಣ ಇಡ್ಲಿ ಬೇಟಿ?’ ಎಂದು ಕೇಳಿದರು.

ಸ್ಟುಡಿಯೋದವನು, ‘ಯಾವದರೆ ಇಡ್ರಿ ಚಾಚಾ, ಕ್ಯಾಮೆರಾದಾಗ ಎಲ್ಲಾ ಕರೀನ ಕಾಣತಾವು’ ಎಂದ. ನಮ್ಮದು ಕಪ್ಪು-ಬಿಳುಪು ಫಿಲ್ಮು.

‘ಹಸರು ಇಡ್ರಿ’ ಎಂದಳು ಅಕ್ಕ.

ಯಾರೂ ಕೇಳದೆ ತಾನಾಗಿ ಹೇಳಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನನ್ನು ನೋಡಲಿಲ್ಲ. ಬಳೆಗಾರರು ಎರಡೂ ಕೈಗೆ ಡಜನ್ ಡಜನ್ ಇಟ್ಟು, ಪದ್ಧತಿಯ ಪ್ರಕಾರ ಒಂದು ಬಳೆ ಮೇಲೆ ಹಾಕಿ, ‘ನೂರು ವರ್ಷ ಮುತ್ತೈದಿಯಾಗಿ ಇರು’ ಎಂದು ಹರಸಿದರು. ಅಕ್ಕ ಬಳೆಗೆ ಕೈಮುಗಿದು ಅವರ ಕಾಲು ಮುಟ್ಟಿದಳು. ಅದು ನಮ್ಮ ಚೌಕದಲ್ಲಿ ಬರೆದದ್ದಲ್ಲ. ಅಷ್ಟೂ ಚಿತ್ರವಾಯಿತು.

ಆಮೇಲೆ ಮುಖ. ಅಕ್ಕ ತಲೆ ತಗ್ಗಿಸಿ ಕುಳಿತು, ನಾನು ಹೇಳಿದಾಗ ನಿಧಾನವಾಗಿ ಎತ್ತಬೇಕು. ಎತ್ತಿದಳು. ಮೂರು ವರ್ಷದಿಂದ ನಾನು ಆ ಮುಖವನ್ನು ಬೋಳಾಗಿಯೇ ನೋಡಿದ್ದೆ. ಅದರಲ್ಲಿ ಇಂಥ ಕಳೆ ಇದೆಯೆಂಬುದು ನನಗೆ ಮರೆತೇಹೋಗಿತ್ತು. ಅವಳು ನಗಲಿಲ್ಲ, ಆದರೆ ನಗು ಹತ್ತಿರದಲ್ಲೇ ಇತ್ತು. ಸ್ಟುಡಿಯೋದವನು ನಿಲ್ಲಿಸಹೋದ. ‘ಬ್ಯಾಡ, ತಗೀ, ಇನ್ನೂ ತಗೀ’ ಎಂದು ನಾನು ಅವನ ಭುಜ ಹಿಡಿದು ಒತ್ತಿದೆ. ಕೀಲಿ ಇಳಿಯುವ ತನಕ ತೆಗೆದ, ಮತ್ತೆ ಕೀಲಿ ಕೊಟ್ಟು ಮತ್ತೆ ತೆಗೆದ. ಕೊನೆಗೆ ಕ್ಯಾಮೆರಾ ಒಳಗೆ ಪಟಪಟ ಸದ್ದಾಯಿತು. ಎರಡನೆಯ ರೋಲು ಮುಗಿದಿತ್ತು. ಹೆಸರು ಬರೆದ ಪಾಟಿ ಗೋಡೆಗೆ ಆನಿಸಿಕೊಂಡು ಹಾಗೇ ಕೂತಿತ್ತು.

‘ಹೆಸರು ಉಳೀತಲ್ಲೋ’ ಎಂದ ಅವನು.

‘ಬಾಯಿಲೇ ಹೇಳಿದ್ರಾತು’ ಎಂದೆ ನಾನು.

ಅಕ್ಕ ಸ್ಟುಡಿಯೋದ ಉದ್ದ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ನಾವು ಕರೆದರೂ ಬರಲಿಲ್ಲ. ಆಮೇಲೆ ಕುಂಕುಮ ಒರೆಸಿಕೊಂಡು, ಕೈಗೆ ಸಾಬೂನು ಹಚ್ಚಿ, ಒಂದೂ ಒಡೆಯದ ಹಾಗೆ ಬಳೆಗಳನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಅವನ್ನು ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ.

ರೋಲುಗಳು ಅಂಚೆಯಲ್ಲಿ ಮುಂಬೈಗೆ ಹೋಗಿ ತೊಳೆಸಿಕೊಂಡು ಐದು ವಾರಕ್ಕೆ ಬಂದವು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಬ್ಲೇಡಿನಿಂದ ಕೊಯ್ದು, ಅಂಟು ಹಚ್ಚಿ ಒಂದರ ಬೆನ್ನಿಗೆ ಒಂದು ಜೋಡಿಸಿದೆವು. ಒಂದೇ ಪ್ರತಿ, ಧ್ವನಿ ಇಲ್ಲ. ಕಾಲೇಜಿನಲ್ಲಿ ತೋರಿಸೋಣವೆಂದರೆ ಪ್ರೊಜೆಕ್ಟರ್ ಇಲ್ಲ. ಪಟ್ಟಣದ ಥಿಯೇಟರಿನ ಯಂತ್ರಕ್ಕೆ ನಮ್ಮ ಸಣ್ಣ ಫಿಲ್ಮು ಹಿಡಿಸುತ್ತಿರಲಿಲ್ಲ. ಹೊನವಾಡದವನು ದಾರಿ ಹುಡುಕಿದ. ತಿಕೋಟಾದಲ್ಲಿ ಡೇರೆ ಸಿನಿಮಾ ಬಂದಿದೆ, ಅವರದು ಸಣ್ಣ ಫಿಲ್ಮಿನ ಯಂತ್ರವೇ ಎಂದ.

ಡೇರೆಯ ಮ್ಯಾನೇಜರ್ ಎಲೆ ಅಡಿಕೆ ಅಗಿಯುತ್ತ ನಮ್ಮ ಮಾತು ಕೇಳಿದ. ಆಗ ಯಾವ ಆಟಕ್ಕೂ ಮೊದಲು ಸರ್ಕಾರದ ಸುದ್ದಿ ಚಿತ್ರ ತೋರಿಸುತ್ತಿದ್ದರು. ಅಣೆಕಟ್ಟಿಗೆ ಕಲ್ಲು ಹಾಕಿದ್ದು, ಮಂತ್ರಿ ಬಂದದ್ದು, ಎಲ್ಲಿಯೋ ಹೊಳೆ ಬಂದದ್ದು. ‘ಸುದ್ದಿ ಆದಮ್ಯಾಲ, ಆಟ ಸುರು ಆಗೂಕಿಂತ ಮೊದಲ ನಿಮ್ಮದು ಓಡಸ್ತೇನಿ. ಮೈಕಿನ್ಯಾಗ ನೀವ ಮಾತಾಡ್ರಿ’ ಎಂದ.

ತಿಕೋಟಾದಲ್ಲಿ ನಾಲ್ಕು ದಿನ ಅದು ಓಡಿತು. ನಾಲ್ಕೂ ದಿನ ನಾನು ಮೈಕಿನ ಮುಂದೆ ಕುಳಿತೆ. ಮೊದಲು ಸಿನಿಮಾದ ಹೆಸರು ಹೇಳುತ್ತಿದ್ದೆ. ಅದನ್ನು ಇಲ್ಲಿ ಬರೆಯಲು ಈಗ ನಾಚಿಕೆಯಾಗುತ್ತದೆ. ಆಮೇಲೆ, ಇದು ಒಂದು ಕಥೆ, ಕಾಲೇಜಿನ ಹುಡುಗರು ತೆಗೆದದ್ದು, ಈ ಹೆಣ್ಣುಮಗಳು ಕಥೆಯ ನಾಯಕಿ ಎನ್ನುತ್ತಿದ್ದೆ. ಅಕ್ಕನ ಮುಖ ಪರದೆಯ ತುಂಬ ಎದ್ದಾಗ ಇಡೀ ಡೇರೆ ಸುಮ್ಮನಾಗುತ್ತಿತ್ತು. ಗಾಡಿ ದೂರ ಹೋಗಿ ಪರದೆ ಬೆಳ್ಳಗಾದಾಗ ಒಬ್ಬ ಮುದುಕ, ‘ಮುಂದೇನಾತು?’ ಎಂದು ಕೂಗಿದ. ‘ಮುಂದಿಂದು ಬರ್ತದ್ರಿ ಅಜ್ಜಾರ’ ಎಂದು ನಾನು ಮೈಕಿನಲ್ಲಿ ಹೇಳಿದೆ. ಜನ ನಕ್ಕರು, ಚಪ್ಪಾಳೆ ಹೊಡೆದರು. ನನ್ನ ಆಯುಷ್ಯದಲ್ಲಿ ಅಷ್ಟು ಸುಖ ನಾನು ಎಂದೂ ಪಟ್ಟಿಲ್ಲ.

ನಾಲ್ಕನೆಯ ದಿನ ಆಟ ಮುಗಿದ ಮೇಲೆ ಡೇರೆಯ ಗೂಟ ಕೀಳುತ್ತಿದ್ದರು. ಅಥಣಿ ಕಡೆ ಹೋಗುತ್ತಾರೆಂದು ನಮಗೆ ಹೇಳಿದ್ದರು. ಆದರೆ ಮ್ಯಾನೇಜರ್ ನನ್ನನ್ನು ಬದಿಗೆ ಕರೆದು ಹೇಳಿದ:

‘ಅಥಣಿದು ಮುಂದ ಹೋತ್ರಿ. ನಾಳೆ ಬಬಲೇಶ್ವರಕ್ಕ ಹೊಂಟೇವಿ. ನಿಮ್ಮ ರೀಲು ವಾಪಸ್ ಕೊಡ್ಲೋ, ಅಲ್ಲೂ ಓಡಸ್ಲೋ? ಹುಬ್ಬಳ್ಳಿಯಿಂದ ಫಿಲಮ್ ಡಬ್ಬಿ ತಗೊಂಡು ಏಜೆಂಟ್ ಬಬಲೇಶ್ವರಕ್ಕ ಬರಾಂವ ಅದಾನ. ಅವನ ಕಣ್ಣಿಗೆ ಬಿದ್ರ ನಿಮಗ ಛಲೋ ಆದೀತು.’

ಇಲ್ಲಿಗೆ ಬಂದೆ. ಇದನ್ನು ಬರೆಯಲಿಕ್ಕೇ ಉಳಿದದ್ದನ್ನೆಲ್ಲ ಬರೆದೆ. ಗೆಳೆಯರಿಬ್ಬರೂ ಆಗ ಚಹದ ಅಂಗಡಿಯಲ್ಲಿದ್ದರು, ಅವರಿಗೆ ಈ ಮಾತು ಗೊತ್ತಿಲ್ಲ. ಕೈ ಚಾಚಿ ‘ಕೊಡ್ರಿ’ ಎಂದರೆ ಆಗುತ್ತಿತ್ತು. ನಾನು ಹುಬ್ಬಳ್ಳಿಯ ಏಜೆಂಟನನ್ನು ಯೋಚಿಸಿದೆ. ಡೇರೆಯ ಮಂಕು ಬೆಳಕಿನಲ್ಲಿ ಯಾರು ಯಾರ ಗುರುತು ಹಿಡಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನ ಮಾವ ಡೇರೆಯ ಕಡೆ ಕಾಲಿಡದ ಮನುಷ್ಯ ಎಂದುಕೊಂಡೆ. ‘ಓಡಸ್ರಿ’ ಎಂದೆ.

ಆಮೇಲೆ ಮನಸ್ಸಿಗೆ ಚುರುಕು ತಾಕಿತು. ಆಣೆಯ ನೆನಪಾಯಿತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಕೇಳಿ: ನಾನು ಬಬಲೇಶ್ವರಕ್ಕೆ ಹೋಗುವುದಿಲ್ಲ. ನಾನು ಹೋಗದಿದ್ದರೆ ಆಣೆ ಅರ್ಧವಾದರೂ ಉಳಿದ ಹಾಗೆ ಎಂದು ನನ್ನ ಆ ದರಿದ್ರ ತಲೆ ಲೆಕ್ಕ ಹಾಕಿತು. ‘ಮೈಕಿನ್ಯಾಗ ಮಾತಾಡಾಕ ನನಗ ಬರಾಕ ಆಗಾಂಗಿಲ್ರಿ, ಪರೀಕ್ಷಾ ಅದಾವು’ ಎಂದೆ. ‘ನಡೀತದ, ಯಾವದರೆ ಹಾಡಿನ ಪ್ಲೇಟ್ ಹಾಕ್ತೇವಿ’ ಎಂದ ಮ್ಯಾನೇಜರ್.

ನಾನು ಹೋಗಿದ್ದರೆ ಅಕ್ಕನ ಮಗಳು ಅಕ್ಕನಿಗೆ ಉಳಿಯುತ್ತಿದ್ದಳು. ಇದು ಕಥೆ ಎಂದು ಒಂದು ಮಾತು ಹೇಳುವವನು ಆ ದಿನ ಅಲ್ಲಿ ಇರಲಿಲ್ಲ. ಹೆಸರು ಬರೆದ ಪಾಟಿಯೂ ಫಿಲ್ಮಿನಲ್ಲಿ ಇರಲಿಲ್ಲ. ಸರ್ಕಾರದ ಸುದ್ದಿ ಮುಗಿಯಿತು, ಅದರ ಬೆನ್ನಿಗೆ ನಮ್ಮ ರೀಲು ಬಂತು, ಡೇರೆಯವರು ಮದುವೆಯ ಸನಾಯಿಯ ಪ್ಲೇಟ್ ಹಚ್ಚಿದರು. ಮಂತ್ರಿ ಬಂದದ್ದು ಖರೆ, ಹೊಳೆ ಬಂದದ್ದು ಖರೆ. ಹೆಣ್ಣೊಬ್ಬಳು ಬಳೆ ಇಡಿಸಿಕೊಂಡು ರುಮಾಲಿನವನ ಜೊತೆ ಗಾಡಿ ಹತ್ತಿ ಹೋದದ್ದು ಮಾತ್ರ ಸುಳ್ಳು ಎಂದು ಜನ ಯಾಕೆ ತಿಳಿಯಬೇಕು?

ಅಕ್ಕನ ಮಾವ ಡೇರೆಗೆ ಹೋಗಿದ್ದರು. ಮೊಮ್ಮಗಳು ಹಟ ಮಾಡಿದಳೆಂದು, ಅವಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮುಖ ಎದ್ದಾಗ ಅವರಿಗೆ ಗುರುತು ಹತ್ತಲಿಲ್ಲವಂತೆ, ಕುಂಕುಮದ ಹಣೆ ಕಂಡು ಬೇರೆ ಯಾರೋ ಎಂದುಕೊಂಡರಂತೆ. ಗುರುತು ಹಿಡಿದದ್ದು ಐದು ವರ್ಷದ ಆ ಕೂಸು. ತೊಡೆಯ ಮೇಲೆ ಎದ್ದು ನಿಂತು ‘ಅವ್ವಾ’ ಎಂದು ಕರೆಯಿತಂತೆ. ಗಾಡಿ ದೂರ ಹೋದಂತೆ ಇನ್ನೂ ಜೋರಾಗಿ ಕರೆಯಿತಂತೆ. ಆಗ ಇಡೀ ಊರು ಹೊರಳಿ ನೋಡಿತು.

ಇದೆಲ್ಲ ನನಗೆ ಗೊತ್ತಾದದ್ದು ಮುಂದಿನ ಭಾನುವಾರ. ಬೆಳಗಿನ ಬಸ್ಸಿಗೆ ಎಣ್ಣೆಯ ಬಾಟಲಿ ಹಿಡಿದು ಹೋದ ಅಕ್ಕ ಅದೇ ಬಸ್ಸು ತಿರುಗುವಾಗ ಅದರಲ್ಲೇ ಮರಳಿದಳು. ಮಾವ ಹೊಸ್ತಿಲ ಒಳಗೆ ಬಿಟ್ಟಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಡೇರೆಯ ಸಂಗತಿಯನ್ನೆಲ್ಲ ಹೇಳಿ ಅತ್ತಿದ್ದಳು. ಅಕ್ಕ ನಮ್ಮ ಪಡಸಾಲೆಯಲ್ಲಿ ಕುಳಿತು ಬಾಟಲಿಯನ್ನು ನೆಲದ ಮೇಲಿಟ್ಟಳು. ‘ನೀ ಬಂದು ಹೇಳು ಅವರಿಗೆ. ಬುಧವಾರ ಹಿರ್ಯಾರನ್ನ ಕೂಡಸ್ಯಾರ’ ಎಂದಳು. ಅವಳ ಧ್ವನಿಯಲ್ಲಿ ಇನ್ನೂ ನಂಬಿಕೆ ಇತ್ತು. ಓದಿದ ತಮ್ಮ ಹೋಗಿ ಹೇಳಿದರೆ ಬಗೆಹರಿಯುತ್ತದೆ ಎಂಬ ನಂಬಿಕೆ.

ಬುಧವಾರ ಅಪ್ಪ, ಅಕ್ಕ, ನಾನು ಹೋದೆವು. ಮಾವನ ಮನೆಯ ಕಟ್ಟೆಯ ಮೇಲೆ ಐದಾರು ಮಂದಿ ಹಿರಿಯರು ಕುಳಿತಿದ್ದರು. ಅಕ್ಕ ಕೆಳಗೆ ಕಂಬಕ್ಕೆ ಆನಿಸಿ ನಿಂತಳು. ಕೂಸನ್ನು ಒಳಗೆ ಕೂಡ್ರಿಸಿದ್ದರು, ಅದರ ಧ್ವನಿ ಕೇಳುತ್ತಿತ್ತು. ಮಾವ ನನ್ನತ್ತ ನೋಡಿ ಹೇಳಿದರು:

‘ನಾವೇನು ಜುಲುಮಿ ಮಾಡಾಕತ್ತಿಲ್ಲಪಾ. ಆಕೀ ವಯಸ್ಸಿನಾಕಿ. ಉಡಿಕಿ ಆದ್ರ ಆಗಲಿ. ನಮಗ ಒಂದು ಮಾತು ಹೇಳಬೇಕಾಗಿತ್ತು, ಅಷ್ಟ. ನನ್ನ ಮಗಂದು ಅಂತ ಉಳಿದದ್ದು ಇದೊಂದ ಕೂಸು. ಅದನ್ನ ಮಂದಿ ಮನಿಗೆ ನಾ ಕಳಸೂದಿಲ್ಲ.’

‘ಮಾವಾರ, ಉಡಿಕಿ ಆಗಿಲ್ರಿ. ಅದು ಸಿನಿಮಾ ರಿ. ಕಥಿ. ನಾ ಬರದದ್ದು’ ಎಂದೆ.

‘ಬಳಿಗಾರಗ ಕೇಳಿಸೇವಿ’ ಎಂದರು ಹಿರಿಯರೊಬ್ಬರು. ‘ಬಿಜಾಪುರಕ್ಕ ಮನಿಶ್ಯಾನ್ನ ಕಳಿಸಿದ್ವಿ. ನಾನ ನನ್ನ ಕೈಯಾರೆ ಹಸರ ಬಳಿ ಇಟ್ಟೇನಿ, ಹರಸೇನಿ ಅಂದಾನ. ಕಥ್ಯಾಗ ಖರೇ ಬಳಿಗಾರ ಬರ್ತಾನೇನು?’

‘ಅವರಿಗೆ ನಾವು ಹೇಳಿರಲಿಲ್ರಿ.’

‘ಯಾಕ ಹೇಳಿರಲಿಲ್ಲ?’

ಮಾವ ಮುಂದಕ್ಕೆ ಬಾಗಿದರು. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು, ಅದು ಅವರ ಮುಖದಲ್ಲಿ ಕಾಣುತ್ತಿತ್ತು.

‘ಆತು. ಕಥಿ ಅಂತೀ. ಕಥಿ ಅಂದ್ರ ಅದಕ್ಕ ಮುಂದಿಂದು ಅಂತ ಇರ್ತದಲ್ಲ. ಗಾಡಿ ಹೋತು. ಮುಂದೇನಾತು? ಅದನ್ನ ತೋರಸು. ನಾಕು ಮಂದಿ ನೋಡ್ಲಿ. ನಾ ಇವತ್ತ ಕೂಸಿನ್ನ ಕೊಟ್ಟು ಕಳಸ್ತೇನಿ.’

‘ಮುಂದಿಂದು ತಗದಿಲ್ರಿ.’

‘ಬಾಯಿಲೇ ಹೇಳು ಹಂಗಾರ.’

ಬಾಯಿಲೇ ಹೇಳಲು ಶುರು ಮಾಡಿದೆ. ಗಂಡ ಸೊಲ್ಲಾಪುರದ ಗಿರಣಿಗೆ ಹೋಗುತ್ತಾನೆ ಎಂದೆ. ಆಮೇಲೆ ತಿರುಗಿ ಬರುವುದಿಲ್ಲ ಎಂದೆ. ಯಾಕೆ ಬರುವುದಿಲ್ಲ ಎಂದು ಒಬ್ಬರು ಕೇಳಿದರು. ನನಗೆ ಗೊತ್ತಿರಲಿಲ್ಲ. ಸ್ಟುಡಿಯೋದವನ ಕಥೆಯಲ್ಲಿ ಅವನು ಸಾಯುತ್ತಿದ್ದ, ಹೊನವಾಡದವನ ಕಥೆಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದ. ಮೈಕಿನ ಮುಂದೆ ಅರಳು ಹುರಿದಂತೆ ಮಾತಾಡಿದವನ ನಾಲಗೆ ಕಟ್ಟೆಯ ಮುಂದೆ ಒಣಗಿಹೋಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಕಡೆ ನೋಡುವ ಹಾಗೆ ನನ್ನ ಕಡೆ ನೋಡಿದರು.

ಆಗ ಮಾವ ಅಕ್ಕನ ಕಡೆ ತಿರುಗಿದರು. ‘ನೀನ ಹೇಳವಾ. ನಿನಗ ಯಾರರೆ ಜುಲುಮಿ ಮಾಡಿ ಬಳಿ ಇಡಿಸಿದ್ರೋ, ನೀನ ಮನಸಿಲೇ ಇಡಸ್ಕೊಂಡ್ಯೋ?’

ಜುಲುಮಿ ಮಾಡಿದರು ಎಂದು ಹೇಳು, ತಮ್ಮ ಎಂಟು ದಿನ ಕಾಡಿದ ಎಂದು ಹೇಳು ಎಂದು ನಾನು ಮನಸ್ಸಿನಲ್ಲೇ ಬಡಕೊಂಡೆ. ಅದು ಖರೆಯೂ ಆಗಿತ್ತು.

‘ಮನಸಿಲೇ ಇಡಸ್ಕೊಂಡೆ ರಿ ಮಾವಾರ’ ಎಂದಳು ಅಕ್ಕ. ‘ಹಸರು ಬೇಕಂತ ನಾನ ಕೇಳಿದೆ. ಆದ್ರ ಉಡಿಕಿ ಆಗಿಲ್ರಿ. ಆ ಮನಿಶ್ಯಾ ಯಾರಂತ ಸೈತ ನನಗ ನೆಟ್ಟಗ ಗೊತ್ತಿಲ್ಲ.’

‘ಬಳಿ ಎಲ್ಲಿ ಅದಾವು?’

‘ನನ್ನ ಟ್ರಂಕಿನ್ಯಾಗ ಅದಾವ್ರಿ.’

ಅಪ್ಪ ಅಲ್ಲೇ ನೆಲಕ್ಕೆ ಕುಕ್ಕರಿಸಿದರು. ಕಟ್ಟೆಯ ಮೇಲಿನವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನಾಲ್ಕು ಮಂದಿ ಎದುರಿಗೆ ಹಸಿರು ಬಳೆ ಇಡಿಸಿಕೊಂಡವಳು, ಅದನ್ನು ಕಾದಿಟ್ಟುಕೊಂಡವಳು ಉಡಿಕೆಯಾದವಳ ಲೆಕ್ಕವೇ ಎಂದರು. ಕೂಸು ತಂದೆಯ ಮನೆಯಲ್ಲಿ ಇರತಕ್ಕದ್ದು, ತಾಯಿ ಆ ಹೊಸ್ತಿಲಿಗೆ ಬರತಕ್ಕದ್ದಲ್ಲ ಎಂದರು. ಮಾವ ತಲೆ ತಗ್ಗಿಸಿ ಕುಳಿತಿದ್ದರು, ಗೆದ್ದವರ ಹಾಗೆ ಕಾಣಲಿಲ್ಲ. ಅಕ್ಕ ಕೂಸನ್ನು ಒಮ್ಮೆ ಎತ್ತಿಕೊಂಡು, ಆಮೇಲೆ ಹೋಗುತ್ತೇನೆ ಎಂದಳು. ಬೇಡ, ಅಳುತ್ತದೆ ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದೆ ಕುಳಿತಿದ್ದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು: ‘ತಮ್ಮಾ, ಡೇರೇದಾಂವ ಇಲ್ಲಿಗೆ ತರೂ ಮೊದಲ ನಿನಗ ಒಂದು ಮಾತು ಕೇಳಲಿಲ್ಲೇನು?’

‘ಇಲ್ಲಕ್ಕಾ’ ಎಂದೆ. ‘ನನಗ ಹೇಳದ ತಂದಾನ.’

ಅವಳು ನಂಬಿದಳು. ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ. ಅವಳು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅವಳು ಬದುಕಿರುವ ತನಕ ಈ ಸುಳ್ಳನ್ನು ನಾನು ಸರಿಪಡಿಸಲಿಲ್ಲ. ನನಗೆ ಧೈರ್ಯ ಇರಲಿಲ್ಲ, ಅಷ್ಟೇ. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಹುಬ್ಬಳ್ಳಿಯ ಏಜೆಂಟ್ ಡಬ್ಬಿ ಇಳಿಸಿ ಅದೇ ಬಸ್ಸಿಗೆ ಹೋಗಿಬಿಟ್ಟಿದ್ದನಂತೆ, ನಮ್ಮ ರೀಲನ್ನು ನೋಡಿಯೇ ಇರಲಿಲ್ಲ. ರೀಲು ಗೀರು ಗೀರಾಗಿ ತಿರುಗಿ ಬಂತು. ಸುಡಬೇಕೆಂದು ಕಡ್ಡಿ ಗೀರಿದೆ. ಅಕ್ಕನ ಹಣೆ ತುಂಬಿದ ಮುಖ ಇದ್ದದ್ದು ಅದೊಂದರಲ್ಲೇ, ಕಡ್ಡಿ ಆರಿಸಿದೆ. ಈಗ ಅದು ಡಬ್ಬಿಯಲ್ಲಿ ಹುಳಿ ವಾಸನೆ ಹಿಡಿದು, ಮುರುಟಿ ಕೂತಿದೆ. ಯಾವ ಯಂತ್ರಕ್ಕೂ ಹತ್ತುವುದಿಲ್ಲ.

ಅಕ್ಕನಿಗೆ ನೌಕರಿ ಸಿಕ್ಕಿತು, ಮೊದಲು ತಿಕೋಟಾದ ಸಾಲೆಯಲ್ಲಿ. ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೆ ಬಬಲೇಶ್ವರದ ಹೆಣ್ಣುಮಕ್ಕಳ ಸಾಲೆಗೆ ವರ್ಗ ಮಾಡಿಸಿಕೊಂಡಳು. ಮಾವ ಹೇಳಿ ಕಳಿಸಿದರು: ಸರ್ಕಾರದ ನೌಕರಿಗೆ ನಮ್ಮ ಅಡ್ಡಿ ಇಲ್ಲ, ಆದರೆ ನಾನೇ ನಿನ್ನ ತಾಯಿ ಎಂದು ಕೂಸಿನ ಕಿವಿಗೆ ಹಾಕಿದರೆ ಸಾಲೆ ಬಿಡಿಸುತ್ತೇವೆ. ಅಕ್ಕ ಒಪ್ಪಿಕೊಂಡಳು. ಹುಡುಗಿಗೆ ಆಗ ಎಂಟು ವರ್ಷ, ಎರಡನೇ ಇಯತ್ತೆ. ತಾಯಿ ಗಾಡಿ ಹತ್ತಿ ಹೋದಳೆಂದೇ ಅದಕ್ಕೆ ಹೇಳಿ ಬೆಳೆಸಿದ್ದರು. ಐದನೆಯ ವರ್ಷದಲ್ಲಿ ಬಿಟ್ಟುಹೋದ ಮುಖವನ್ನು ಮಕ್ಕಳು ಎಷ್ಟು ದಿನ ನೆನಪಿಡುತ್ತವೆ?

ಅಕ್ಕ ಅಲ್ಲಿ ಸೇರಿದ ಎರಡನೆಯ ವಾರ ನಾನು ಅವಳಿಗೆ ಹಾಸಿಗೆ ಪಾತ್ರೆ ಕೊಡಲು ಹೋಗಿದ್ದೆ. ಮನೆಗೆ ಬೀಗ ಇತ್ತು, ಸಾಲೆಗೆ ಹೋದೆ. ಬಾಗಿಲ ಹೊರಗೆ ಬೇವಿನ ನೆರಳಲ್ಲಿ ನಿಂತೆ. ಅಕ್ಕ ಬಿಳಿ ಸೀರೆ ಉಟ್ಟು, ಬೋಳು ಹಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಹಾಜರಿ ಕರೆಯುತ್ತಿದ್ದಳು. ಒಂದು ಹೆಸರು ಕರೆದಾಗ ಮುಂದಿನ ಸಾಲಿನಿಂದ ಎರಡು ಹೆಣಲಿನ ಹುಡುಗಿಯೊಂದು ಎದ್ದಿತು.

‘ಹಾಜರ್ ರಿ ಅಕ್ಕೋರ.’

ಆ ಕಡೆ ಟೀಚರಿಗೆ ಅಕ್ಕೋರ ಎನ್ನುವುದು ರೂಢಿ. ಹುಡುಗಿ ಹೇಳಿ ಕೂಡ್ರಲಿಲ್ಲ, ನಿಂತೇ ಇತ್ತು.

‘ಏನು?’ ಎಂದಳು ಅಕ್ಕ.

‘ಅಕ್ಕೋರ, ನಮ್ಮವ್ವ ಸಿನಿಮಾದಾಗ ಅದಾಳ್ರಿ.’

ಪಕ್ಕದ ಹುಡುಗಿಯರು ಕಿಸಕ್ಕೆಂದರು. ಅಕ್ಕನ ಕೈಯಲ್ಲಿನ ಪೆನ್ನು ಹಾಜರಿ ಪುಸ್ತಕದ ಮೇಲೆಯೇ ಇತ್ತು.

‘ಹೌದೇನು? ನೀ ನೋಡೀಯೇನು?’

‘ನೋಡೇನ್ರಿ. ಸಣ್ಣಾಕಿ ಇದ್ದಾಗ. ಕೈ ತುಂಬ ಬಳಿ ಇಡಸ್ಕೊಂಡಿದ್ದಳ್ರಿ. ಗಾಡ್ಯಾಗ ಕುಂತು ಹೋದಳ್ರಿ.’ ಹುಡುಗಿ ಕೂಡ್ರಹೋಗಿ ಮತ್ತೆ ಎದ್ದಿತು. ‘ಮುಂದಿಂದು ತೋರಸಲಿಲ್ರಿ.’

‘ಕುಂದರವಾ’ ಎಂದಳು ಅಕ್ಕ. ಪೆನ್ನನ್ನು ಒಂದು ಗೆರೆ ಕೆಳಗೆ ಇಳಿಸಿ ಮುಂದಿನ ಹೆಸರು ಕರೆದಳು.